ಹನ್ನೆರಡನೇ ನಂಬರಿನ ಎಡಗಡೆ

ಡೆಲ್ಬರ್ಟ್ ಹ್ರುಸ್ಕಾ ನಮ್ಮ ಡನ್‌ಮಿಲ್ ಊರಿನ ನೀರಿನ ಮೀಟರ್ ಓದುವ ಮನುಷ್ಯ. ಮೂವತ್ತೊಂದು ವರ್ಷಗಳಿಂದ ಜನರ ನೆಲಮಾಳಿಗೆಗಳಲ್ಲಿ ಬಗ್ಗಿ, ಟಾರ್ಚು ಬಿಟ್ಟು, ಅಂಕಿ ಬರೆದುಕೊಳ್ಳುತ್ತಿದ್ದಾನೆ. ಇಷ್ಟು ವರ್ಷಗಳಲ್ಲಿ ಒಂದು ಅಂಕಿಯನ್ನೂ ತಪ್ಪಾಗಿ ಓದಿಲ್ಲವೆಂಬುದು ಅವನ ಹೆಮ್ಮೆ. ಅದು ನಿಜವೂ ಹೌದು. ಅನಾಹುತವಾದದ್ದು ಅವನು ಅಂಕಿಯ ಪಕ್ಕದಲ್ಲಿದ್ದ ಅಕ್ಷರಗಳನ್ನೂ ಓದಲು ಹೊರಟಾಗ.

ಅವನ ಇನ್ನೊಂದು ಹೆಮ್ಮೆ ಫುಟ್‌ಬಾಲು. ಪೆನ್ಸಿಲ್ವೇನಿಯದ ಈ ಬೆಟ್ಟಗಳ ನಡುವೆ ಫುಟ್‌ಬಾಲನ್ನು ಕೈಯಲ್ಲಿ ಹಿಡಿದು ಆಡುತ್ತಾರೆ, ಬಾಯಲ್ಲಿ ಇನ್ನೂ ಜಾಸ್ತಿ ಆಡುತ್ತಾರೆ. ನಮ್ಮ ಹೈಸ್ಕೂಲಿನ ತಂಡದ ಹೆಸರು ‘ಹೇಸರಗತ್ತೆಗಳು’. ಗಣಿಯಲ್ಲಿ ಕಲ್ಲಿದ್ದಲು ಎಳೆದು ಸತ್ತ ಪ್ರಾಣಿಯ ಗೌರವಾರ್ಥ ಇಟ್ಟದ್ದು, ಯಾರೂ ನಗುವುದಿಲ್ಲ. ಡೆಲ್ಬರ್ಟ್ ಕೂಡ ಶಾಲೆಯ ಕಾಲದಲ್ಲಿ ಈ ತಂಡದಲ್ಲಿದ್ದ. ಬೆಂಚಿನ ಮೇಲಿದ್ದ ಎನ್ನುವುದು ಹೆಚ್ಚು ಸರಿ. ಒಮ್ಮೆ ಮಾತ್ರ ಹನ್ನೊಂದು ಸೆಕೆಂಡು ಮೈದಾನಕ್ಕಿಳಿದಿದ್ದ. ಆ ಹನ್ನೊಂದು ಸೆಕೆಂಡಿನ ಅನುಭವದ ಮೇಲೆ ನಲವತ್ತು ವರ್ಷಗಳಿಂದ ವ್ಯಾಖ್ಯಾನ ಮಾಡುತ್ತ ಬಂದಿದ್ದಾನೆ.

ಇದೆಲ್ಲ ನನಗೆ ಹೇಗೆ ಗೊತ್ತೆಂದರೆ, ನಾನು ಊರಿನ ಕಸದ ಅಂಗಳದ ಗೇಟು ಕಾಯುವವನು. ಡನ್‌ಮಿಲ್‌ನಲ್ಲಿ ಕಸದ ಲಾರಿ ಮನೆಬಾಗಿಲಿಗೆ ಬರುವುದಿಲ್ಲ. ಶನಿವಾರ ಬೆಳಿಗ್ಗೆ ಎಲ್ಲರೂ ತಮ್ಮ ತಮ್ಮ ಕಸವನ್ನು ತಾವೇ ತಂದು ಹಾಕಬೇಕು. ಕಸ ಹಾಕಲು ಎರಡು ನಿಮಿಷ ಸಾಕು. ಜನ ಎರಡು ಗಂಟೆ ನಿಲ್ಲುತ್ತಾರೆ. ಹಿಂದಿನ ಸಂಜೆ ಪಂದ್ಯವಿದ್ದರೆ ಮಧ್ಯಾಹ್ನದ ಊಟಕ್ಕೂ ಹೋಗುವುದಿಲ್ಲ.

ಆ ಶನಿವಾರ ಅಂಗಳ ತುಂಬಿ ತುಳುಕುತ್ತಿತ್ತು. ಹಿಂದಿನ ಸಂಜೆ ಎಮೆಟ್ ಸವ್ಕೊ ಎಂಬ ಹದಿನೇಳರ ಹುಡುಗ ಹನ್ನೆರಡನೇ ನಂಬರಿನ ಅಂಗಿ ತೊಟ್ಟು ಮೊಟ್ಟಮೊದಲ ಸಲ ಕ್ವಾರ್ಟರ್‌ಬ್ಯಾಕ್ ಆಗಿ ಇಳಿದಿದ್ದ. ಕ್ವಾರ್ಟರ್‌ಬ್ಯಾಕ್ ಎಂದರೆ ಪ್ರತಿ ಸಲವೂ ಚೆಂಡು ಮೊದಲು ಬರುವುದು ಅವನ ಕೈಗೇ. ಎಸೆಯಬೇಕೋ, ಇನ್ನೊಬ್ಬನಿಗೆ ಕೊಡಬೇಕೋ, ತಾನೇ ಓಡಬೇಕೋ ಎಂಬುದನ್ನು ಎಮ್ಮೆಗಳಂಥ ನಾಲ್ಕೈದು ಹುಡುಗರು ಬಂದು ಮೈಮೇಲೆ ಬೀಳುವಷ್ಟರಲ್ಲಿ ತೀರ್ಮಾನಿಸಬೇಕು. ಎಮೆಟ್ ಎರಡು ಸಲ ಚೆಂಡನ್ನು ನೇರವಾಗಿ ಎದುರಾಳಿಯ ಕೈಗೇ ಎಸೆದ. ಒಂದು ಸಲ ಕೈಜಾರಿ ಬೀಳಿಸಿದ. ಆಮೇಲೆ ಕೊನೆಯ ಹೊತ್ತಿನಲ್ಲಿ, ಐವತ್ತು ಗಜ ದೂರ ಓಡುತ್ತಿದ್ದ ಗೆಳೆಯನ ಕೈಗೆ, ಮಗುವನ್ನು ತೊಟ್ಟಿಲಿಗೆ ಹಾಕಿದಷ್ಟು ನಾಜೂಕಾಗಿ ಒಂದು ಎಸೆತ ಎಸೆದ. ಮೂರು ಪಾಯಿಂಟಿನಿಂದ ಸೋತೆವು. ಊರು ಸರಿಯಾಗಿ ಎರಡು ಹೋಳಾಯಿತು.

“ಆ ಎಸೆತ ನೋಡಿದ್ಯಾ ಗಸ್?” ಎಂದು ನನ್ನನ್ನು ಕೇಳಿದ ಮಾಂಸದಂಗಡಿಯ ಬರ್ನಿ ಯುರಾಸೆಕ್, ರಟ್ಟಿನ ಡಬ್ಬಗಳನ್ನು ತುಳಿದು ಚಪ್ಪಟೆ ಮಾಡುತ್ತ. “ಇಪ್ಪತ್ತು ವರ್ಷದಿಂದ ಇಂಥದ್ದು ನೋಡಿಲ್ಲ ಕಣಯ್ಯ. ನನ್ನ ಹೆಂಡ್ತಿ ಅತ್ತೇಬಿಟ್ಲು.”

“ನಿನ್ನ ಹೆಂಡ್ತಿ ಅತ್ತಿದ್ದು ನೀನು ಅವಳ ಕಾಲು ತುಳಿದಿದ್ದಕ್ಕೆ,” ಎಂದ ಔಷಧಿ ಅಂಗಡಿಯ ಹೋವರ್ಡ್ ಕ್ಲೈಮರ್. “ನಾನು ಹಿಂದೇನೇ ಕೂತಿದ್ದೆ. ಒಂದು ಎಸೆತ ನೋಡಿ ಹುಡುಗನ್ನ ನಂಬೋದು, ಒಂದು ಸಲ ಕೆಮ್ಮು ನಿಂತಿತು ಅಂತ ಔಷಧಿ ಎಸೆದ ಹಾಗೆ. ಉಳಿದ ಮೂರು ತಪ್ಪು ಯಾರ ಲೆಕ್ಕಕ್ಕೆ?”

“ಮೊದಲನೇ ದಿನ ಕಣಯ್ಯ ಅವನಿಗೆ! ನೀನು ಮೊದಲನೇ ದಿನ ಅಂಗಡೀಲಿ ಏನು ಮಾಡಿದ್ದೆ ಹೇಳ್ಲಾ? ಪಾದ್ರಿಗಳಿಗೆ ಕೆಮ್ಮಿನ ಔಷಧಿ ಬದಲು ಭೇದಿ ಔಷಧಿ ಕೊಟ್ಟಿದ್ದು?”

“ಅವರು ಆಮೇಲೆ ಕೆಮ್ಮಲಿಲ್ಲ,” ಎಂದ ಹೋವರ್ಡ್ ಗಂಭೀರವಾಗಿ. “ಧೈರ್ಯ ಬರಲಿಲ್ಲ.”

ಈ ಹೊತ್ತಿಗೆ ಡೆಲ್ಬರ್ಟ್ ಬಂದ. ಮಾಮೂಲಿನಂತೆ ಗೇಟಿನಿಂದಲೇ ಕೂಗುತ್ತ ಬರಲಿಲ್ಲ. ನಿಧಾನವಾಗಿ ಕಾರಿನಿಂದಿಳಿದು, ಚೀಲವನ್ನು ಶವಪೆಟ್ಟಿಗೆಯಂತೆ ಎರಡೂ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ ನಡೆದ. ಹೀಗೆ ನಡೆದರೆ ಯಾರಾದರೂ ಕೇಳಿಯೇ ಕೇಳುತ್ತಾರೆಂದು ಅವನಿಗೆ ಗೊತ್ತು. ಬರ್ನಿ ಕೇಳಿದ.

“ನಾನು ಹೇಳಬಾರದು,” ಎಂದ ಡೆಲ್ಬರ್ಟ್. ಎಲ್ಲರೂ ಹತ್ತಿರ ಬರುವವರೆಗೆ ಕಾದು, ಹೇಳಿದ.

ನಿನ್ನೆ ಅವನ ಮುಂದಿನ ಸಾಲಿನಲ್ಲಿ ಒಬ್ಬ ಅಪರಿಚಿತ ಕೂತಿದ್ದನಂತೆ. ಹಸಿರು ಜಾಕೆಟ್ಟು, ಕೈಯಲ್ಲಿ ದಪ್ಪ ನೋಟ್‌ಬುಕ್ಕು. ಎಲ್ಲರೂ ಚೆಂಡು ನೋಡಿ ಕಿರುಚುತ್ತಿದ್ದರೆ ಅವನು ಮಾತ್ರ ತಲೆ ಬಗ್ಗಿಸಿ ಕೆಳಗೇ ನೋಡುತ್ತಿದ್ದ, ನೋಡಿ ನೋಡಿ ಬರೆಯುತ್ತಿದ್ದ.

“ದೊಡ್ಡ ದೊಡ್ಡ ಯೂನಿವರ್ಸಿಟಿಯವರು ಹುಡುಗರನ್ನ ಆರಿಸೋಕೆ ಕಳಿಸ್ತಾರಲ್ಲ, ಅಂಥವನು. ನಿಜವಾದ ತಜ್ಞರು ಚೆಂಡು ನೋಡಲ್ಲ, ಕಾಲು ನೋಡ್ತಾರೆ. ನಮ್ಮಂಥ ಆಡಿದವರಿಗೆ ಇದು ಗೊತ್ತಾಗುತ್ತೆ.”

“ಹನ್ನೊಂದು ಸೆಕೆಂಡು,” ಎಂದ ಹೋವರ್ಡ್.

“ನಾನು ಬಗ್ಗಿ ಅವನ ಪುಸ್ತಕ ಓದಿದೆ. ನಮ್ಮ ಹುಡುಗನ ನಂಬರ್ ಬರೆದು, ಪಕ್ಕದಲ್ಲಿ ಹೀಗೆ ಬರೆದಿದ್ದ.” ಡೆಲ್ಬರ್ಟ್ ಕಣ್ಣು ಮುಚ್ಚಿ, ಮೀಟರಿನ ಅಂಕಿ ಒಪ್ಪಿಸುವ ಸ್ವರದಲ್ಲಿ ಒಪ್ಪಿಸಿದ: “ಹನ್ನೆರಡು. ಎಡಗಡೆ ದುರ್ಬಲ. ಭಾರ ಬಿದ್ದರೆ ಕುಸಿತ ಖಚಿತ. ಕೀಲು ಸಡಿಲ. ಈ ಸೀಸನ್ ದಾಟುವುದು ಕಷ್ಟ. ಕೂಡಲೇ ಬದಲಾಯಿಸಬೇಕು.”

ಬರ್ನಿ ಕಾಲಡಿಯ ಡಬ್ಬವನ್ನು ತುಳಿಯುವುದನ್ನು ನಿಲ್ಲಿಸಿದ. ಬೇರೆ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲವೇನೋ. ಆದರೆ ಡೆಲ್ಬರ್ಟ್ ಏನೇ ಕೊಚ್ಚಿಕೊಳ್ಳಲಿ, ಓದುವುದರಲ್ಲಿ ತಪ್ಪುವವನಲ್ಲವೆಂದು ಊರಿಗೇ ಗೊತ್ತಿತ್ತು.

ಭಾನುವಾರ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಎಮೆಟ್‌ನ ಎಡಗಡೆಯ ವಿಷಯ ಡನ್‌ಮಿಲ್‌ನಲ್ಲಿ ಗೊತ್ತಿಲ್ಲದವರು ಇಬ್ಬರೇ: ಎಮೆಟ್ ಮತ್ತು ಅವನನ್ನು ಸಾಕಿದ ಅಜ್ಜಿ. ಮಧ್ಯಾಹ್ನದ ಹೊತ್ತಿಗೆ ಅವರಿಗೂ ಗೊತ್ತಾಯಿತು. ಅಜ್ಜಿ ವೆರೋನಿಕಾ ಸವ್ಕೊಗೆ ಎಪ್ಪತ್ತೊಂಬತ್ತು ವರ್ಷ. ಡೆಲ್ಬರ್ಟ್‌ನ ಪಕ್ಕದ ಮನೆ. ಅವಳು ಎಲೆ ಗುಡಿಸುವ ಕುಂಟೆ ಹಿಡಿದುಕೊಂಡೇ ಬೇಲಿಯ ಬಳಿ ಬಂದಳು.

“ಡೆಲ್ಬರ್ಟ್, ನನ್ನ ಮೊಮ್ಮಗನ ಎಡಗಡೆಗೆ ಏನಾಗಿದ್ಯಂತೆ?”

“ಅದು ಸ್ವಲ್ಪ ತಾಂತ್ರಿಕ ವಿಷಯ, ಮಿಸೆಸ್ ಸವ್ಕೊ.”

“ಅವನು ಹುಟ್ಟಿದಾಗ ನಾನೇ ಕೈಗೆತ್ಕೊಂಡು ನೋಡಿದೀನಿ. ಎರಡೂ ಕಡೆ ಸರಿಯಾಗಿತ್ತು.”

“ನಾನು ಹೇಳಿದ್ದಲ್ಲ. ತಜ್ಞರು ಹೇಳಿದ್ದು.”

“ಆ ತಜ್ಞ ಸಿಗಲಿ,” ಎಂದಳು ವೆರೋನಿಕಾ, ಕುಂಟೆಯ ಹಲ್ಲುಗಳನ್ನು ಒಂದೊಂದಾಗಿ ನೋಡುತ್ತ. “ಅವನ ಎಡಗಡೆ ನಾನು ನೋಡ್ತೀನಿ.”

ಡೆಲ್ಬರ್ಟ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅವನ ಹೆಂಡತಿ ರೋಸೆಲಾ ಟೇಬಲ್ಲು ಒರೆಸುತ್ತಿದ್ದಳು. “ನೀವು ಓದಿದ್ದು ಸರಿ ಇರಬಹುದು,” ಎಂದಳು. “ಆದ್ರೆ ಬೇರೆಯವರ ಪುಸ್ತಕದಲ್ಲಿ ನಿಮಗೇನು ಕೆಲಸ?” ಡೆಲ್ಬರ್ಟ್ ರೇಡಿಯೊ ಹಾಕಿದ.

ಸೋಮವಾರದಿಂದ ಇಡೀ ಊರು ಎಮೆಟ್‌ನ ಎಡಗಡೆಯನ್ನು ಗಟ್ಟಿಮಾಡಲು ನಿಂತಿತು. ಬರ್ನಿ ದಿನಾ ಒಂದು ಸೇರಿನಷ್ಟು ಮೂಳೆಸಾರು ಕಳಿಸಿದ. ನಂಬಿಕೆಯಿಲ್ಲದ ಹೋವರ್ಡ್ ಕೂಡ ಎಡಮಂಡಿಗೆಂದು ಒಂದು ಮುಲಾಮು ಕೊಟ್ಟ. ಪಿಯಾನೊ ಕಲಿಸುವ ಹೆಂಗಸು ಎಡಗೈ ಅಭ್ಯಾಸಗಳನ್ನು ಬರೆದುಕೊಟ್ಟಳು. ಯಾರೋ ಎಡಗಡೆ ಮಗ್ಗುಲಾಗಿ ಮಲಗಬೇಡವೆಂದರು, ಮತ್ತ್ಯಾರೋ ಎಡಗಡೆಯೇ ಮಲಗೆಂದರು. ಎಮೆಟ್ ಎಲ್ಲದಕ್ಕೂ ಹೂಂ ಅಂದ, ಕೊಟ್ಟದ್ದನ್ನೆಲ್ಲ ತಿಂದ. ತಿನ್ನಲು ಕೊಟ್ಟರೆ ಯಾವ ರೋಗವನ್ನಾದರೂ ಒಪ್ಪಿಕೊಳ್ಳುವ ವಯಸ್ಸು ಅದು.

ಕೋಚ್ ಮಲಾಯ್ ಮಾತ್ರ ಒಳಗೊಳಗೇ ಕರಗಿಹೋದ. ಅವನು ಮೂಲತಃ ಲೆಕ್ಕದ ಮೇಷ್ಟ್ರು, ಸಣ್ಣ ಸಂಶಯಕ್ಕೂ ಬೆವರುವವನು. ಬರುವ ಶುಕ್ರವಾರ ಕೆಲ್ಸೋ ಊರಿನ ಮೇಲೆ ಪಂದ್ಯ. ಕೆಲ್ಸೋದವರಿಗೆ ಸೋತರೆ ಡನ್‌ಮಿಲ್‌ನಲ್ಲಿ ಕೋಚ್‌ಗೆ ಬ್ರೆಡ್ಡು ಕೂಡ ಹಳೆಯದೇ ಸಿಗುತ್ತದೆ. ಅವನು ಎಮೆಟ್‌ಗೆ ಇಡೀ ದಿನ ಬಲಕ್ಕೆ ತಿರುಗುವುದನ್ನೇ ಮಾಡಿಸಿದ. ಚೆಂಡು ಹಿಡಿ, ಬಲಕ್ಕೆ ತಿರುಗು, ಎಸೆ. ಚೆಂಡು ಹಿಡಿ, ಬಲಕ್ಕೆ ತಿರುಗು, ಎಸೆ. ಹುಡುಗ ಊಟದ ಮನೆಯಲ್ಲೂ ಬಲಕ್ಕೇ ತಿರುಗಿ ಗೋಡೆಗೆ ಡಿಕ್ಕಿ ಹೊಡೆದನಂತೆ. ಇಷ್ಟಾದರೂ ಧೈರ್ಯ ಸಾಲದೆ, ಬ್ಯಾಂಡಿನಲ್ಲಿ ದೊಡ್ಡ ಕಹಳೆ ಊದುವ ಓರ್ವಿಲ್‌ನನ್ನು ಕರೆದು ಹನ್ನೆರಡರ ಬದಲಿಗೆ ನೀನೇ ಇಳಿಯಬೇಕಾಗಬಹುದು ಎಂದ.

“ಸಾರ್, ನಾನು ಚೆಂಡು ಮುಟ್ಟೇ ಇಲ್ಲ,” ಎಂದ ಓರ್ವಿಲ್.

“ಇರ್ಲಿ. ನೀನು ಎರಡೂ ಕಡೆ ಒಂದೇ ಸಮ ದಪ್ಪಗಿದ್ದೀಯ.”

ಮಂಗಳವಾರ ಸಂಜೆ ಎಮೆಟ್ ಡೆಲ್ಬರ್ಟ್‌ನ ಬಾಗಿಲು ತಟ್ಟಿದ. ಟೋಪಿ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲ ಮೇಲೇ ನಿಂತ.

“ಮಿಸ್ಟರ್ ಹ್ರುಸ್ಕಾ, ಅವರು ಇನ್ನೇನಾದ್ರೂ ಬರೆದಿದ್ರಾ? ಆ ಪುಸ್ತಕದಲ್ಲಿ? ಒಳ್ಳೇದು ಏನಾದ್ರೂ?”

ಡೆಲ್ಬರ್ಟ್ ಬಾಯಿ ತೆರೆದ. ಮೂವತ್ತೊಂದು ವರ್ಷಗಳಲ್ಲಿ ಮೊದಲ ಸಲ ಅವನಿಗೆ ಒಪ್ಪಿಸಲು ಏನೂ ಸಿಗಲಿಲ್ಲ.

“ಮುಂದಿನ ಪುಟ ನಾನು ನೋಡ್ಲಿಲ್ಲ ಮಗು,” ಎಂದ.

“ಪರವಾಗಿಲ್ಲ,” ಎಂದ ಎಮೆಟ್. “ಕೋಚ್ ಓರ್ವಿಲ್‌ನ ಆಡಿಸ್ತಾರಂತೆ. ಅವನಿಗೆ ಚೆಂಡು ಹಿಡಿಯೋದು ಹೇಗೆ ಅಂತ ನಾನೇ ತೋರಿಸಿಕೊಟ್ಟೆ.” ಎಂದು ಹೇಳಿ, ಮೆಟ್ಟಿಲಿಳಿದು, ಬಲಕ್ಕೆ ತಿರುಗಿ ಹೋದ. ಅವನ ಮನೆ ಎಡಕ್ಕಿತ್ತು. ಇಡೀ ಬೀದಿ ಸುತ್ತಿ ಹೋಗಿರಬೇಕು.

ಡೆಲ್ಬರ್ಟ್ ಆ ರಾತ್ರಿ ಊಟ ಮಾಡಲಿಲ್ಲವೆಂದು ರೋಸೆಲಾ ನನಗೆ ಹೇಳಿದಳು. ಮಾಂಸದ ಕಡುಬು ಇದ್ದೂ ಊಟ ಮಾಡಲಿಲ್ಲ.

ಬುಧವಾರ ಶಾಲಾ ಸಮಿತಿಯ ಸಭೆ. ಈ ಸಭೆಗೆ ಮಾಮೂಲಾಗಿ ಏಳು ಜನ ಬರುತ್ತಾರೆ, ಅದರಲ್ಲಿ ಐವರು ಸಮಿತಿಯವರೇ. ಆದರೆ ಶಾಲೆಯ ಬಾಗಿಲಿಗೆ ಅಂಟಿಸಿದ್ದ ಕಾಗದದಲ್ಲಿ ‘ಶುಕ್ರವಾರದ ಪಂದ್ಯದ ವೇಳೆ ನಡೆಸಿದ ಪರಿಶೀಲನೆ: ಮಿಸ್ಟರ್ ಪೆಂಡ್ಲ್‌ಟನ್ ಅವರ ವರದಿ’ ಎಂದು ಬರೆದಿತ್ತು. ಮುನ್ನೂರು ಜನ ಬಂದರು. ಲೈಬ್ರರಿ ಸಾಲದೆ ಸಭೆಯನ್ನು ಊಟದ ಹಾಲಿಗೆ ಸಾಗಿಸಿದರು. ಅಧ್ಯಕ್ಷೆ ಗ್ಲೆಂಡಾ ಫ್ರಿಚ್‌ಗೆ ತನ್ನ ಆಡಳಿತ ಇಷ್ಟು ಜನಪ್ರಿಯವೆಂದು ಗೊತ್ತೇ ಇರಲಿಲ್ಲ.

ಪೆಂಡ್ಲ್‌ಟನ್ ಎದ್ದುನಿಂತ. ಅದೇ ಹಸಿರು ಜಾಕೆಟ್ಟು, ಅದೇ ನೋಟ್‌ಬುಕ್ಕು. ಜನಸಾಗರ ನೋಡಿ ಜಾಕೆಟ್ಟಿನ ಗುಂಡಿ ಹಾಕಿಕೊಂಡ.

“ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ,” ಎಂದ. “ನನ್ನ ವರದಿ ಕೇಳೋಕೆ ಜನ ಬಂದಿದ್ದು ಇದೇ ಮೊದಲು. ತುಂಬ ಸಂತೋಷ. ಒಂದರಿಂದ ಹನ್ನೊಂದರವರೆಗೆ ಯಾವ ದೋಷವೂ ಇಲ್ಲ.”

ಜೋರು ಚಪ್ಪಾಳೆ. ಏಳನೇ ನಂಬರಿನ ಹುಡುಗನ ಅಪ್ಪ ಎದ್ದು ಸುತ್ತಲೂ ಕೈಬೀಸಿ ಕೂತ.

“ಹನ್ನೆರಡು,” ಎಂದ ಪೆಂಡ್ಲ್‌ಟನ್. ಜನ ಕುರ್ಚಿಯ ತುದಿಗೆ ಸರಿದರು. “ಎಡಗಡೆ ದುರ್ಬಲ. ಭಾರ ಬಿದ್ದರೆ ಕುಸಿತ ಖಚಿತ. ಕೀಲುಗಳು ಸಡಿಲ. ಒಳಗೆಲ್ಲ ತುಕ್ಕು.”

“ತುಕ್ಕಾ?” ವೆರೋನಿಕಾ ಎದ್ದಳು.

“ಹೌದಮ್ಮ. ಹೊರಗಡೆಯಿಂದ ಕಾಣಲ್ಲ. ಮೇಲೆ ಬಣ್ಣ ಹೊಡೆದು ಮುಚ್ಚಿದಾರೆ.”

“ಯಾರ್ರೀ ಬಣ್ಣ ಹೊಡೆದಿರೋದು? ದಿನಾ ಎರಡು ಮೊಟ್ಟೆ, ದೊಡ್ಡ ಲೋಟದಲ್ಲಿ ಹಾಲು ಕೊಟ್ಟು ಸಾಕಿದೀನಿ!”

ಪೆಂಡ್ಲ್‌ಟನ್ ಗಾಬರಿಯಾದ. “ಹಾಲು ಹಾಕ್ಬೇಡಿ ಅಮ್ಮಾ, ಅದು ಇನ್ನೂ ಬೇಗ ಕೊಳೆಯುತ್ತೆ.”

“ಅದು? ನನ್ನ ಮೊಮ್ಮಗನ್ನ ‘ಅದು’ ಅಂತೀಯಾ? ಮರ್ಯಾದೆ ಕೊಡದಿದ್ರೆ ಹೋಗ್ಲಿ, ಮನುಷ್ಯ ಅಂತಾನಾದ್ರೂ ಬೇಡ್ವಾ?”

ಬರ್ನಿ ಮಧ್ಯೆ ಬಂದ. “ಅಜ್ಜಿ, ಸಮಾಧಾನ. ಸಾರ್, ಏನಾದ್ರೂ ರಿಪೇರಿ ಮಾಡಕ್ಕಾಗಲ್ವಾ? ನಾವು ಮೂಳೆಸಾರು ಶುರು ಮಾಡಿದೀವಿ.”

“ಸಾರು?” ಪೆಂಡ್ಲ್‌ಟನ್ ಪುಸ್ತಕ ನೋಡಿಕೊಂಡ, ಮುಖ ಒರೆಸಿಕೊಂಡ. “ನೋಡಿ, ಸಾರು ನಾನು ಕೇಳಿಲ್ಲ. ನಾಲ್ಕು ದೊಡ್ಡ ಮೊಳೆ ಹೊಡೆದು ಒಂದೆರಡು ತಿಂಗಳು ನಡೆಸಬಹುದು. ನನ್ನ ಸಲಹೆ ಕೇಳಿದ್ರೆ, ಇಬ್ಬರು ಸೇರಿ ಬಿಚ್ಚಿ, ಗರಗಸದಲ್ಲಿ ಕೊಯ್ದು, ಹಿಂದಿನ ಶೆಡ್ಡಿಗೆ ಹಾಕಿಬಿಡಿ.”

ಒಬ್ಬ ಹೆಂಗಸು ಕಿಟಾರನೆ ಕಿರುಚಿದಳು. ಕೋಚ್ ಮಲಾಯ್ ಕುರ್ಚಿ ಹಿಡಿದುಕೊಂಡು ಎದ್ದ. “ಸಾರ್, ಅವನು ನನ್ನ ಹುಡುಗ. ಏನೇ ಇರ್ಲಿ, ಶೆಡ್ಡಿಗೆ ಹಾಕೋದಕ್ಕೆ ನಾನು ಬಿಡಲ್ಲ!”

“ಐವತ್ತು ವರ್ಷ ಹಳೇದು ಕಣ್ರೀ!” ಪೆಂಡ್ಲ್‌ಟನ್‌ನ ಸಹನೆಯೂ ಮುಗಿಯಿತು. “ಐವತ್ತು ವರ್ಷದ್ದನ್ನ ಇಟ್ಕೊಂಡು ಏನು ಮಾಡ್ತೀರಿ?”

ಕೋಚ್ ಲೆಕ್ಕದ ಮೇಷ್ಟ್ರಾದದ್ದು ಅಲ್ಲಿ ಕೆಲಸಕ್ಕೆ ಬಂತು. “ಐವತ್ತಾ? ಅವನಿಗೆ ಹದಿನೇಳು.”

“ಯಾರಿಗೆ?”

“ಹನ್ನೆರಡಕ್ಕೆ.”

ಪೆಂಡ್ಲ್‌ಟನ್ ಕನ್ನಡಕ ತೆಗೆದ. ಮುನ್ನೂರು ಮುಖಗಳನ್ನು ಒಂದು ಕಡೆಯಿಂದ ನೋಡುತ್ತ ಬಂದ. ಆಮೇಲೆ ತೀರ ಮೆಲ್ಲಗೆ ಹೇಳಿದ: “ನಾನು ಹೇಳ್ತಿರೋದು ಜನ ಕೂತ್ಕೊಳ್ಳೋ ಹಲಗೆ ಸಾಲಿನ ವಿಷಯ. ಮೈದಾನದಲ್ಲಿ ಹನ್ನೆರಡನೇ ಸಾಲು. ಜನ ಕೂತಾಗ ಹೇಗೆ ಬಾಗುತ್ತೆ ಅಂತ ನೋಡೋಕೆ ಪಂದ್ಯಕ್ಕೆ ಬಂದಿದ್ದೆ. ಯಾರೋ ಒಬ್ಬರು ವರ್ಷಾನುಗಟ್ಟಲೆ ಅದರ ಎಡಗಡೆ ತುದೀಲೇ ಕೂತು ಕುಣಿದ ಹಾಗಿದೆ.”

ಡೆಲ್ಬರ್ಟ್ ಹ್ರುಸ್ಕಾ ನಲವತ್ತು ವರ್ಷಗಳಿಂದ ಎಲ್ಲಿ ಕೂರುತ್ತಾನೆಂದು ಊರಿಗೆಲ್ಲ ಗೊತ್ತು. ಮುನ್ನೂರು ತಲೆಗಳು ತಿರುಗಿದವು. ಅವನು ಆಗಲೇ ಬಾಗಿಲ ಹತ್ತಿರವಿದ್ದ, ಒಂದು ಕಾಲು ಹೊರಗೆ.

“ಡೆಲ್ಬರ್ಟ್,” ಎಂದಳು ವೆರೋನಿಕಾ. “ಕೂತ್ಕೋ.”

ಕೂತ. ಕುರ್ಚಿ ಕಿರ್ರೆಂದಿತು. ಅದಕ್ಕೆ ಮೊದಲು ನಕ್ಕವನು ಎಮೆಟ್. ಮೂರು ದಿನ ಮೂಳೆಸಾರಿನಲ್ಲಿ ಬೆಳೆದ ನಗು, ಕಿಟಕಿಗಳು ಅದುರಿದವು. ಅವನು ನಕ್ಕ ಮೇಲೆ ಊರೂ ನಕ್ಕಿತು. ಕಹಳೆಯ ಓರ್ವಿಲ್ ಕೋಚ್‌ನ ಕೈ ಹಿಡಿದು “ಹಾಗಾದ್ರೆ ನಾನು ಆಡೋದು ಬೇಡ ಅಲ್ವಾ ಸಾರ್?” ಎಂದು ಮೂರು ಸಲ ಕೇಳಿ ಖಚಿತಪಡಿಸಿಕೊಂಡು ಅತ್ತ. ನಗದಿದ್ದವನು ಪೆಂಡ್ಲ್‌ಟನ್ ಒಬ್ಬನೇ. ಹದಿಮೂರನೇ ಸಾಲಿನಿಂದ ಮುಂದಿನದನ್ನು ಕೇಳಲು ಯಾರೂ ಉಳಿದಿರಲಿಲ್ಲ. ನಾನು ಉಳಿದೆ. ಹದಿನಾಲ್ಕರಲ್ಲೂ ಸ್ವಲ್ಪ ತೊಂದರೆ ಇದೆ.

ಶುಕ್ರವಾರ ಬಂತು. ಇಲ್ಲಿ ಒಂದು ಸಂಗತಿ ಗಮನಿಸಬೇಕು. ಎಮೆಟ್‌ನ ಎಡಗಡೆ ದುರ್ಬಲವೆಂಬ ಸುದ್ದಿ ಭಾನುವಾರವೇ ಬೆಟ್ಟ ದಾಟಿ ಕೆಲ್ಸೋ ತಲುಪಿತ್ತು. ಅದು ಹಲಗೆಯ ಎಡಗಡೆ ಎಂಬ ತಿದ್ದುಪಡಿಯನ್ನು ಅಲ್ಲಿಗೆ ತಲುಪಿಸಲು ಯಾರಿಗೂ ಪುರುಸೊತ್ತಾಗಿರಲಿಲ್ಲ.

ಪಂದ್ಯ ಶುರುವಾಯಿತು. ಚೆಂಡು ಎಮೆಟ್‌ನ ಕೈಗೆ ಬಂದ ಕೂಡಲೇ ಕೆಲ್ಸೋದ ಹುಡುಗರು ಒಬ್ಬರ ಮೇಲೊಬ್ಬರು ಬೀಳುತ್ತ ಅವನ ಎಡಗಡೆಗೇ ನುಗ್ಗಿದರು. ಮದುವೆ ಮನೆಯಲ್ಲಿ ಊಟದ ಬಾಗಿಲು ತೆಗೆದ ಹಾಗೆ. ಎಮೆಟ್ ಮೂರು ದಿನದ ಅಭ್ಯಾಸದಂತೆ ಬಲಕ್ಕೆ ತಿರುಗಿದ. ಎದುರಿಗೆ ಯಾರೂ ಇರಲಿಲ್ಲ. ಭಾನುವಾರ ಬೆಳಗಿನ ಬೀದಿಯಂತೆ ಮೈದಾನದ ಆ ಅರ್ಧ ಖಾಲಿ ಬಿದ್ದಿತ್ತು. ಅವನು ಒಂದು ಕ್ಷಣ ಅನುಮಾನದಿಂದ ನಿಂತೂ ನಿಂತ. ಆಮೇಲೆ ಎಸೆದ.

“ಎಡಕ್ಕೆ! ಎಡಕ್ಕೆ ಒತ್ತಿ! ಇನ್ನೇನು ಬೀಳ್ತಾನೆ!” ಎಂದು ಕೆಲ್ಸೋದ ಕೋಚ್ ಕಿರುಚುತ್ತಲೇ ಇದ್ದ. ಅರ್ಧ ಆಟ ಮುಗಿಯುವವರೆಗೆ ಕಿರುಚಿದ. ಅಷ್ಟರಲ್ಲಿ ಎಮೆಟ್ ಬಲಗಡೆಯಿಂದ ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿ ಮೂರು ಟಚ್‌ಡೌನ್ ಮಾಡಿಸಿ ಮುಗಿಸಿದ್ದ. ಕೊನೆಯಲ್ಲಿ ಅವರು ಬುದ್ಧಿ ಕಲಿತು ಬಲಕ್ಕೆ ಬಂದಾಗ, ಹುಡುಗ ಮೊದಲ ಸಲ ಎಡಕ್ಕೆ ತಿರುಗಿ ತಾನೇ ಓಡಿದ. ಆ ಓಟ ಬೇರೆ ಯಾರೂ ಕಲಿಸಿದ್ದಲ್ಲ. ಗೆದ್ದೆವು, ಇಪ್ಪತ್ತೆಂಟಕ್ಕೆ ಹತ್ತು. ಬರ್ನಿ ಹೆಂಡತಿಯ ಇನ್ನೊಂದು ಕಾಲನ್ನೂ ತುಳಿದ.

ಶನಿವಾರ ಕಸದ ಅಂಗಳದಲ್ಲಿ ನಾನು ಇನ್ನೊಂದು ಜಗಳಕ್ಕೆ ತಯಾರಾಗಿ ಕೂತಿದ್ದೆ. ಜಗಳವೇನೋ ಆಯಿತು. “ಖಾಲಿ ಮೈದಾನದಲ್ಲಿ ನಮ್ಮ ಬೆಕ್ಕೂ ಎಸೆಯುತ್ತೆ,” ಎಂದ ಹೋವರ್ಡ್. “ಹಾಗಾದ್ರೆ ಮುಂದಿನ ವಾರ ನಿಮ್ಮ ಬೆಕ್ಕನ್ನ ಕಳಿಸು,” ಎಂದ ಬರ್ನಿ. ಡೆಲ್ಬರ್ಟ್‌ನ ಕಾರು ಬಂದಾಗ ಇಬ್ಬರೂ ಜಗಳ ಬಿಟ್ಟು ಆ ಕಡೆ ತಿರುಗಿದರು. ಹೋವರ್ಡ್ ಮುಂದೆ ಹೋಗಿ ಅವನ ಕೈಯ ಕಸದ ಚೀಲವನ್ನು ತಾನೇ ತೆಗೆದುಕೊಂಡ.

“ಡೆಲ್ಬರ್ಟ್, ನಿನ್ನನ್ನ ನಾನು ಇಷ್ಟು ವರ್ಷ ಕಡಿಮೆ ಅಂದಾಜು ಮಾಡಿದ್ದೆ. ಏನು ತಲೆ ಕಣಯ್ಯ ನಿಂದು! ಬೇಕಂತಲೇ ಸುದ್ದಿ ಹಬ್ಬಿಸಿ ಇಡೀ ಕೆಲ್ಸೋನ ಒಂದೇ ಕಡೆಗೆ ತಳ್ಳಿದ್ಯಲ್ಲ!”

“ನಮಗೂ ಹೇಳ್ದೆ!” ಎಂದ ಬರ್ನಿ. “ನಾವೂ ನಂಬಿದ್ರೆ ತಾನೇ ಅವರು ನಂಬೋದು! ಅಬ್ಬಬ್ಬಾ!”

ಡೆಲ್ಬರ್ಟ್ ಎಲ್ಲರ ಮುಖ ನೋಡಿದ. ನಲವತ್ತು ವರ್ಷಗಳಿಂದ ಕಾಯುತ್ತಿದ್ದ ಗೌರವ ಕೈಗೆಟುಕುವಷ್ಟು ಹತ್ತಿರ ಬಂದು ನಿಂತಿತ್ತು. ಅವನು ಅದನ್ನು ಮುಟ್ಟಲಿಲ್ಲ. ನಾನು ಸಾಕ್ಷಿ.

“ಇಲ್ರಪ್ಪ,” ಎಂದ. “ಉಪಾಯ ಗಿಪಾಯ ಏನೂ ಇಲ್ಲ. ನಾನು ತಪ್ಪಾಗಿ ತಿಳ್ಕೊಂಡೆ. ಆ ಹುಡುಗನ ಮನಸ್ಸು ನೋಯಿಸಿದೆ. ಅಷ್ಟೇ ಆಗಿದ್ದು.”

“ನೋಡಿ, ಎಷ್ಟು ವಿನಯ!” ಎಂದ ಹೋವರ್ಡ್ ಕಣ್ಣು ಮಿಟುಕಿಸಿ. ಎಲ್ಲರೂ ಕಣ್ಣು ಮಿಟುಕಿಸಿದರು. ಡೆಲ್ಬರ್ಟ್ ಎರಡನೇ ಸಲ ಹೇಳಿದ. ಮೂರನೇ ಸಲ ಕೂಗಿ ಹೇಳಿದ. ಚಪ್ಪಾಳೆ ಬಿತ್ತು.

ಕೊನೆಗೆ ಅವನು ಸೋತು, ಹಳೆಯ ಬಾಟಲಿಗಳ ಡಬ್ಬಿಯ ಹತ್ತಿರ ಒಬ್ಬನೇ ನಿಂತಿದ್ದಾಗ ವೆರೋನಿಕಾ ಬಂದಳು. ಒಂದೊಂದೇ ಬಾಟಲಿಯನ್ನು ಡಬ್ಬಿಗೆ ಹಾಕುತ್ತ, ಅವನ ಕಡೆ ನೋಡದೆ ಹೇಳಿದಳು:

“ನಾನು ನಂಬ್ತೀನಿ.”

“ಏನನ್ನ ಮಿಸೆಸ್ ಸವ್ಕೊ?”

“ನೀನು ಹೇಳಿದ್ದನ್ನ. ಉಪಾಯ ಅಲ್ಲ ಅಂತ. ಚಿಕ್ಕ ಹುಡುಗ ಆಗಿದ್ದಾಗಿಂದ ನೋಡಿದೀನಿ ನಿನ್ನ. ಅಷ್ಟೆಲ್ಲ ಯೋಚನೆ ಮಾಡೋ ತಲೆ ನಿನಗಿಲ್ಲ.”

“ತುಂಬ ಥ್ಯಾಂಕ್ಸ್,” ಎಂದ ಡೆಲ್ಬರ್ಟ್. ಅವನು ಅದನ್ನು ಮನಸಾರೆ ಹೇಳಿದ. ಒಂದು ವಾರದಿಂದ ಬಿಗಿದಿದ್ದ ಅವನ ಭುಜಗಳು ಅಲ್ಲೇ ಇಳಿದದ್ದನ್ನು ನಾನು ಗೇಟಿನಿಂದ ಕಂಡೆ.

ವೆರೋನಿಕಾ ಖಾಲಿ ಬುಟ್ಟಿಯನ್ನು ಅವನ ಕೈಗೆ ಹೊರಿಸಿ ಕಾರಿನ ಕಡೆ ಹೊರಟಳು. “ಮುಂದಿನ ಶುಕ್ರವಾರ ಎಲ್ಲಿ ಕೂರ್ತೀಯ? ನಿನ್ನ ಜಾಗಕ್ಕೆ ಹಗ್ಗ ಕಟ್ಟಿದಾರೆ.”

“ಗೊತ್ತಿಲ್ಲ.”

“ನನ್ನ ಪಕ್ಕ ಕೂತ್ಕೋ. ಎಮೆಟ್‌ಗೂ ಅದೇ ಇಷ್ಟವಂತೆ. ಬೇಕಿದ್ರೆ ಕುಣಿ, ಬೇಕಿದ್ರೆ ಕಿರುಚು.” ಅವಳು ಕಾರಿನ ಬಾಗಿಲು ತೆಗೆದು ತಿರುಗಿ ನಿಂತಳು. “ಆದ್ರೆ ಏನನ್ನೂ ಓದಬೇಡ.”